ದಸರಾ ಸೂಟಿಗೆ ನೇಪಾಳದ ಅನಾಥಾಶ್ರಮಕ್ಕ ಮಿಶನ್ ಟ್ರಿಪ್: ಮಗಳನ್ನ ಕಳಸೂದೋ ಬ್ಯಾಡೋ?

ಕ್ಯಾಂಪ್ ಏರಿಯಾ ಅಪ್ಪ
ಎಲ್ಲಾರ್ಗೂ ನಮಸ್ಕಾರ್ರಿ. ನಾವು ಬೆಳಗಾವಿ ಕ್ಯಾಂಪ್‌ನವ್ರು. ನಮ್ಮ ಸಭೆಯ (ಚರ್ಚಿನ) ಯೂತ್ ಫೆಲೋಶಿಪ್‌ನವ್ರು ಈ ಸಲ ದಸರಾ ಸೂಟಿಗೆ ನೇಪಾಳಕ್ಕ ಮಿಶನ್ ಟ್ರಿಪ್ ಹೊಂಟಾರ, ಕಠ್ಮಂಡು ಹತ್ರ ಒಂದು ಅನಾಥಾಶ್ರಮದಾಗ ಹತ್ತು ದಿನ ಇದ್ದು ಸೇವಾ ಮಾಡೂದಂತ, ಮುಂಜಾನೆ ಮಕ್ಕಳಿಗೆ ವಿಬಿಎಸ್ (ಸೂಟ್ಯಾಗ ನಡಸೂ ಬೈಬಲ್ ಶಾಲಿ) ಥರಾ ಹಾಡು ಆಟ, ಮಧ್ಯಾಹ್ನ ಗ್ವಾಡಿಗೆ ಬಣ್ಣ, ಸಂಜಿಕೆ ಪ್ರಾರ್ಥನಾ ಕೂಟ. ನನ್ನ ಮಗಳು ಡಿಗ್ರಿ ಎರಡನೇ ವರ್ಷ, "ಪಪ್ಪಾ ನಾ ಹೋಗೇ ಹೋಗ್ತೀನಿ" ಅಂತ ಹಟ ಹಿಡದ ಕುಂತಾಳ. ಒಬ್ಬೊಬ್ರಿಗೆ 35 ಸಾವಿರ ಖರ್ಚು, ಒಟ್ಟ 12 ಮಂದಿ, ಅರ್ಧ ನಾವ ಹಾಕೂದು ಅರ್ಧ ಸಭೆಯ ಸುಗ್ಗಿ ಹಬ್ಬದ ಹರಾಜಿನಾಗ ಎತ್ತೂದು ಅಂತ ಮಾತಾಗೈತಿ.

ದುಡ್ಡಿಂದಲ್ರಿ ನನ್ನ ಚಿಂತಿ. ನಮ್ಮ ಮನಿಯಾಕಿ ಕಡೆಯವ್ರೊಬ್ರು "ಅಲ್ಲಿ ಅನಾಥಾಶ್ರಮ ಅನ್ನೂದ ಒಂದು ಧಂದಾ ಆಗೈತಿ, ಹುಡುಗಿ ಕಳಸಬ್ಯಾಡ್ರಿ" ಅಂದ್ರು. ಖರೇನಾ? ಪಾಸ್‌ಪೋರ್ಟ್ ಬೇಕಾ? ಮಕ್ಕಳಿಗೆ ಏನರ ಕಟ್ಟಿ ಕೊಡೂದಿದ್ರ ಏನು ಕೊಡಬೇಕು? ಹೋಗಿ ಬಂದವ್ರು ಯಾರರ ಇದ್ರ ಹೇಳ್ರಿ.

ಗೋವಾ ಎಕ್ಸ್‌ಪ್ರೆಸ್
ಸರ್ ದಾರಿ ಖರ್ಚಿನ ಮಾತು ನಾ ಹೇಳ್ತೀನಿ, ಧಂದಾದ ಮಾತು ತಿಳದವ್ರು ಹೇಳ್ಲಿ. ನಮಗ ನೇಪಾಳಕ್ಕ ವೀಸಾ ಬ್ಯಾಡ. ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ಎರಡ್ರಾಗ ಒಂದು ಸಾಕು, ಆಧಾರ್ ಮ್ಯಾಲ ಮಾತ್ರ ನೆಚ್ಚಬ್ಯಾಡ್ರಿ, ವಿಮಾನಕ್ಕಂತೂ ಹದಿನೈದರ ಒಳಗಿನವ್ರಿಗೆ ಮತ್ತ ಅರವತ್ತೈದು ದಾಟಿದವ್ರಿಗಷ್ಟ ನಡೀತೈತಿ. ಟೀಮ್‌ನಾಗ ಯಾರೂ ವೋಟರ್ ಐಡಿ ಮಾಡ್ಸದ ಹುಡುಗ್ರು ಇದ್ರ ಈಗ ನೋಡ್ಕೋರಿ, ಕಡೀಕ ಓಡಾಡೂದಾಗ್ತೈತಿ. ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿದ್ರ ನಿಜಾಮುದ್ದೀನ್, ಅಲ್ಲಿಂದ ಗೋರಖಪುರ, ಸೋನೌಲಿ ಬಾರ್ಡರ್ ದಾಟಿ ಬಸ್. ಸಸ್ತಾ, ಆದ್ರ ಮೈ ನುಗ್ಗಾಗ್ತೈತಿ. ನಮ್ಮ 100 ರೂಪಾಯಿಗೆ ಅಲ್ಲಿ 160, ರೇಟ್ ಯಾವಾಗ್ಲೂ ಅಷ್ಟ.

ಕುಂದಾ ಕರದಂಟು
ಮಕ್ಕಳಿಗೆ ಕುಂದಾ ಒಯ್ಯಬ್ಯಾಡ್ರಿ ಸರ್, ಹಾಲಿಂದು, ಬಾಳ ದಿನ ತಾಳೂದಿಲ್ಲ. ಗೋಕಾಕ್ ಇಲ್ಲಾ ಅಮೀನಗಡ ಕರದಂಟ ಒಯ್ರಿ, ತಿಂಗಳಾದ್ರೂ ಏನೂ ಆಗೂದಿಲ್ಲ. ಉಳದದ್ದು ನಂಗ ಗೊತ್ತಿಲ್ರಿ.

ಟಿಳಕವಾಡಿ ಅಕ್ಕ
ನಾ ಹೋಗಿ ಬಂದೀನ್ರಿ, ಕೆಲವು ವರ್ಷದ ಹಿಂದ, ಬ್ಯಾರೆ ಊರಿನ ಸಭೆಯ ಟೀಮ್ ಜೋಡಿ. ಆಶ್ರಮದ ಹೆಸ್ರು ಬ್ಯಾಡ. ನೀವು ದಸರಾ ಸೂಟಿ ಅಂದ್ರಲಾ ಅದಕ್ಕ ಬರ್ಯಾಕತ್ತೀನಿ, ನಾವೂ ಅದೇ ಟೈಮಿಗೆ ಹೋಗಿದ್ವಿ.

ನಮಗ ದಸರಾ ಅಂದ್ರ ಅವ್ರಿಗೆ ದಶೈಂ. ನೇಪಾಳದಾಗ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಕಠ್ಮಂಡು ಅರ್ಧಕ್ಕರ್ಧ ಖಾಲಿ ಆಗ್ತೈತಿ, ಅಂಗಡಿ ಬಾಗ್ಲ ಹಾಕಿರ್ತಾವ, ಬಸ್‌ಸ್ಟ್ಯಾಂಡ್‌ನಾಗ ಕಾಲಿಡಾಕ ಜಾಗ ಇರೂದಿಲ್ಲ, ಕೂಲಿ ಮಾಡಾವ್ರು, ಹೋಟೆಲ್ ಹುಡುಗ್ರು, ನೌಕರಿಯವ್ರು ಎಲ್ಲಾರೂ ಗಂಟು ಕಟ್ಕೊಂಡು ತಂತಮ್ಮ ಹಳ್ಳಿಗೆ, ಹಿರಿಯರ ಕೈಲೆ ಹಣಿಗೆ ಟೀಕಾ ಹಚ್ಚಿಸ್ಕೊಳ್ಳಾಕ. ನಾವು ಆ ಗದ್ದಲ ದಾಟಿ ಆಶ್ರಮದ ಗೇಟಿಗೆ ಹೋದ್ರ ಮಕ್ಕಳೆಲ್ಲಾ ಎರಡು ಸಾಲು ನಿಂತಾವ, ಕೈಯಾಗ ಚೆಂಡುಹೂವಿನ ಮಾಲಿ. ಇಡೀ ದೇಶ ಮನಿಗೆ ಹೋಗೂ ಹೊತ್ತಿನ್ಯಾಗ ಇವು ಇಲ್ಲಿ ನಿಂತಾವಲಾ ಅಂತ ಯಾರಿಗೂ ಅನಸ್ಲಿಲ್ಲ, ಅನಾಥರು ಅಂದ ಮ್ಯಾಲ ಎಲ್ಲಿಗೆ ಹೋಗ್ಬೇಕು ಅಂತ ಎಲ್ಲಾರ ತಲ್ಯಾಗ.

ಒಳಗ ಹಾಲ್‌ನಾಗ ಒಂದು ಗಾಜಿನ ಕಪಾಟು ಇತ್ತು. ಟೆಡ್ಡಿ ಗೊಂಬಿ, ರಿಮೋಟ್ ಕಾರು, ಬಣ್ಣದ ಪೆನ್ಸಿಲ್ ಡಬ್ಬಿ, ಪ್ಲಾಸ್ಟಿಕ್ ಕವರ್ ಸೈತ ಬಿಚ್ಚಿಲ್ಲ, ಮ್ಯಾಲ ಯಾವ್ಯಾವ್ದೋ ದೇಶದ ಅಂಗಡಿ ಸ್ಟಿಕ್ಕರ್, ಕಪಾಟಿಗೆ ಕೀಲಿ. ನಾವು ಒಯ್ದ ಕ್ಯಾರಮ್ ಬೋರ್ಡೂ ಫೋಟೋ ಆದ ಮ್ಯಾಲ ಅದರ ಮ್ಯಾಲ ಹೋಗಿ ಕುಂತ್ತು. ಮೂರನೇ ದಿನಾನೋ ಏನೋ, ಸಂಜಿಕೆ ಅಡಗಿಮನ್ಯಾಗ ಬಟಾಟಿ ಸುಲೀತಿದ್ವಿ, ಹದಿಮೂರೋ ಹದಿನಾಲ್ಕೋ ಇರಬೇಕು ಒಬ್ಬ ಹುಡುಗ, ಹಿಂದಿ ಚೊಲೋ ಬರ್ತಿತ್ತು, ಮೆಲ್ಲಕ ಕೇಳ್ದ: "ದೀದಿ, ನಿಮ್ಮ ಫೋನಿಂದ ಅಮ್ಮಗ ಹಚ್ಚಿ ಕೊಡ್ತೀರಾ?" ನಂಬರ್ ಬಾಯಿಪಾಠ. ಹಚ್ಚಿ ಕೊಟ್ಟೆ. ಆಕಿ ಎತ್ತಿದ್ಳು. ಇಂವ ನೇಪಾಳಿಯೊಳಗ ಏನೇನೋ ಹೇಳ್ದ, ನಂಗ ತಿಳದದ್ದು ದಶೈಂ ಅನ್ನೂ ಶಬ್ದ ಒಂದ.

ಅಂವಗ ಅವ್ವ ಇದ್ಳು, ಇಬ್ರು ತಂಗ್ಯಾರು ಇದ್ರು, ಗುಡ್ಡದ ಜಿಲ್ಲಾದಾಗ ಹೊಲಾನೂ ಇತ್ತು. ಶಾಲಿ ಕಲಸ್ತೀವಿ ಅಂತ ಯಾರೋ ಊರಿಗೆ ಬಂದು ಕರ್ಕೊಂಡು ಹೋಗಿದ್ರು. ಟೀಮ್ ಲೀಡರ್‌ಗೆ ಹೇಳಿದ್ರ "ಸಿಸ್ಟರ್, ಅದು ನಮ್ಮ ಕೆಲಸ ಅಲ್ಲ, ನಾವು ಪ್ರೀತಿ ತೋರ್ಸಾಕ ಬಂದೀವಿ" ಅಂದ್ರು.

ಶಹಾಪುರ ಹುಡ್ಗ
ಅಕ್ಕಾರ ಒಂದು ಆಶ್ರಮ ಹಂಗಿತ್ತಂದ್ರ ಎಲ್ಲಾ ಹಂಗ ಇರ್ತಾವೇನ್ರಿ? ನಾನೂ ಒಂದು ಟ್ರಿಪ್‌ಗೆ ಹೋಗೀನಿ, ಮಕ್ಕಳು ಎಷ್ಟು ಹಚ್ಕೊಂಡಿದ್ವು ಅಂದ್ರ ಬರೂ ದಿವ್ಸ ಕಾಲು ಹಿಡ್ಕೊಂಡು ಬಿಡವಲ್ವು, ನಮ್ಮ ಹುಡುಗ್ರೆಲ್ಲಾ ಅತ್ತಾರ. ನಮ್ಮ ಗ್ರೂಪಿನ್ಯಾಗ ಒಬ್ಬಂವ ಇಡೀ ದಿನ ಮೊಬೈಲ್ ಹಿಡದ ಕುಂದ್ರಾಂವ, ವಾಪಸ್ ಬಂದು ನರ್ಸಿಂಗ್ ಸೇರ್ಯಾನ. ಇದೆಲ್ಲಾ ಸುಳ್ಳೇನು? ಎಲ್ಲಾದ್ರಾಗೂ ತಪ್ಪು ಹುಡುಕಿದ್ರ ಯಾರೂ ಯಾರಿಗೂ ಸಹಾಯ ಮಾಡೂದಿಲ್ಲ. ದೇವರ ಕೆಲಸಕ್ಕ ಲೆಕ್ಕಾ ಹಾಕಬ್ಯಾಡ್ರಿ.

ವಾರ್ಡ್ ಸಿಸ್ಟರ್
ತಮ್ಮಾ, ಕಾಲು ಹಿಡ್ಕೊಂಡು ಬಿಡಲಿಲ್ಲ ಅಂದ್ಯಲ್ಲ, ಅದನ್ನ ಸ್ವಲ್ಪ ನೋಡೋಣ. ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳು, ಸೇವೆಯಲ್ಲಿದ್ದಾಗ ಬಾಲಮಂದಿರದ ಮಕ್ಕಳೂ ಬರುತ್ತಿದ್ರು. ಮನೆಯಲ್ಲಿ ಬೆಳೆದ ಎರಡು ಮೂರು ವರ್ಷದ ಮಗು ಅಪರಿಚಿತರನ್ನ ನೋಡಿದ್ರೆ ಅಮ್ಮನ ಸೆರಗಿನ ಹಿಂದೆ ಹೋಗುತ್ತೆ, ಅದು ಸರಿಯಾದ ಲಕ್ಷಣ. ಯಾರು ಬಂದ್ರೂ ಓಡಿ ಬಂದು ತೊಡೆ ಹತ್ತುವ, ಹೆಸರು ಗೊತ್ತಿಲ್ಲದವರ ಜೊತೆ ಹೊರಟೇ ಬಿಡುವ ಮಗು ಇದೆಯಲ್ಲ, ಅದನ್ನ ನೋಡಿ ನಾವು ಹೆದರ್ತೀವಿ. ಅದು ನಿಮ್ಮ ಮೇಲಿನ ಪ್ರೀತಿ ಅಲ್ಲಪ್ಪ. ತನ್ನದು ಅಂತ ಒಬ್ಬರು ನಿಂತಿಲ್ಲ, ಅದಕ್ಕೆ ಸಿಕ್ಕವರನ್ನ ಹಿಡ್ಕೊಳ್ಳುತ್ತೆ. ನೀವು ಹತ್ತು ದಿನ ಎತ್ತಿ ಆಡಿಸಿ ಹೊರಟ್ರೆ ಇನ್ನೊಂದು ಸಲ ಕಳ್ಕೊಂಡ ಹಾಗೆ, ಮುಂದಿನ ತಿಂಗಳು ಇನ್ನೊಂದು ಟೀಮು, ಇನ್ನೊಂದು ಸಲ.

ಇದು ನನ್ನ ಸ್ವಂತ ಮಾತಲ್ಲ. ಜಾನ್ ಬೌಲ್ಬಿ ಅನ್ನೋ ವೈದ್ಯರು 1951ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ಇದನ್ನ ಬರೆದು ಕೊಟ್ಟಿದ್ರು. ರೊಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಶೆಸ್ಕು ಬಿದ್ದ ಮೇಲೆ ಅಲ್ಲಿಯ ಅನಾಥಾಲಯಗಳ ಸ್ಥಿತಿ ಜಗತ್ತಿಗೇ ಗೊತ್ತಾಯ್ತು. 2000ದಿಂದ ಬುಖಾರೆಸ್ಟ್‌ನಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯ್ತು, 136 ಮಕ್ಕಳು, ಅರ್ಧದಷ್ಟು ಮಕ್ಕಳನ್ನ ಸಾಕು ಕುಟುಂಬಗಳಿಗೆ ಕೊಟ್ಟು ಇನ್ನರ್ಧ ಅಲ್ಲೇ ಇದ್ದವರ ಜೊತೆ ಹೋಲಿಸಿ ನೋಡಿದ್ರು. ಎರಡು ವರ್ಷ ತುಂಬೋದ್ರೊಳಗೆ ಮನೆ ಸಿಕ್ಕ ಮಕ್ಕಳು ಬುದ್ಧಿಯಲ್ಲಿ, ಹಚ್ಚಿಕೊಳ್ಳೋದ್ರಲ್ಲಿ ಎಷ್ಟೋ ಸುಧಾರಿಸಿದ್ವು. ತಡವಾದ ಮಕ್ಕಳಿಗೆ ಅಷ್ಟು ಆಗಲಿಲ್ಲ. ಊಟ ಬಟ್ಟೆ ಕೊಟ್ರೆ ಮಗು ಬೆಳೆಯುತ್ತೆ ಅನ್ನೋದು ಕೋಳಿ ಫಾರ್ಮಿನ ಲೆಕ್ಕ.

ಯೂನಿಸೆಫ್‌ನವರು ನೇಪಾಳದ ಬಗ್ಗೆ ಹೇಳಿರೋದು ಕೇಳಿ: ಅಲ್ಲಿಯ ಆಶ್ರಮಗಳಲ್ಲಿರೋ ಮಕ್ಕಳಲ್ಲಿ ನೂರಕ್ಕೆ 85 ಮಕ್ಕಳಿಗೆ ತಂದೆ ಅಥವಾ ತಾಯಿ ಒಬ್ಬರಾದ್ರೂ ಬದುಕಿದ್ದಾರೆ. ಮಾವೋವಾದಿ ಯುದ್ಧದ ಕಾಲಕ್ಕೆ, 1996ರಿಂದ 2006, ಹುಮ್ಲಾದಂಥ ದೂರದ ಜಿಲ್ಲೆಗಳಿಂದ ದಲ್ಲಾಳಿಗಳು ಅಪ್ಪ ಅಮ್ಮನ ಕಡೆಯಿಂದಲೇ ದುಡ್ಡು ಇಸ್ಕೊಂಡು "ಶಾಲೆಗೆ ಹಾಕ್ತೀವಿ" ಅಂತ ಮಕ್ಕಳನ್ನ ಪೇಟೆಗೆ ತಂದಿದ್ದು. ಆಶ್ರಮಗಳೆಲ್ಲಾ ಹೆಚ್ಚುಕಮ್ಮಿ ಎಲ್ಲಿವೆ ಗೊತ್ತಾ? ಕಠ್ಮಂಡು, ಪೋಖರಾ, ಚಿತ್ವನ್ ಕಡೆ, ಟೂರಿಸ್ಟ್‌ಗಳು ಹೋಗೋ ಕಡೆ. ಅನಾಥ ಮಕ್ಕಳು ಟೂರಿಸ್ಟ್ ಇರೋ ಜಾಗದಲ್ಲೇ ಯಾಕೆ ಹುಟ್ಟಬೇಕು?

ಗುಳೇದಗುಡ್ಡದಾಂವ
ನರ್ಸಮ್ಮಾರ ಮಾತಿಗೆ ಎದುರಾಡೂ ಅಷ್ಟು ಓದಿಲ್ರಿ ನಾ, ಆದ್ರ ಒಂದು ಹೇಳ್ತೀನಿ. ನಮ್ಮೂರಿಗೆ ಬಾಸೆಲ್ ಮಿಶನ್ ಬಂದದ್ದು 1851ಕ್ಕ. ಮುಂದ 1876-78ರ ಬರ ಬಿತ್ತು, ನಮ್ಮ ಕಲಾದಗಿ ಜಿಲ್ಲಾದಾಗ ಮಂದಿ ಹಾದಿಬೀದ್ಯಾಗ ಸತ್ರು. ಆ ಬರದಾಗ ನಮ್ಮ ಮುತ್ಯಾನ ಅಪ್ಪ ಸಣ್ಣ ಹುಡುಗ, ಮನ್ಯಾಗ ಯಾರೂ ಉಳೀಲಿಲ್ಲ, ಮಿಶನ್‌ನವ್ರು ಎತ್ಕೊಂಡ್ರು. ನಮಗ ಮನಿತನದ ಹೆಸ್ರೂ ಗೊತ್ತಿಲ್ಲ ಮೂಲ ಊರೂ ಗೊತ್ತಿಲ್ಲ. ನೇಯ್ಗಿ ಕಲ್ಸಿದ್ರು, ಅಕ್ಷರ ಕಲ್ಸಿದ್ರು. ಆವಾಗ ಯಾರರ "ಅನಾಥಾಲಯ ಅಂದ್ರ ಧಂದಾ" ಅಂದು ಬಾಗ್ಲ ಹಾಕಿದ್ರ ಇವತ್ತು ನಾ ಇಲ್ಲಿ ಟೈಪ್ ಮಾಡಾಕ ಇರ್ತಿದ್ದಿಲ್ಲ. ಓದ್ಕೊಂಡವ್ರು ಅನಾಥಾಲಯ ಅಂದಕೂಡ್ಲೆ ಮೂಗು ಮುರೀತಾರಲಾ, ಅದಕ್ಕ ಸಿಟ್ಟು ಬರ್ತೈತ್ರಿ ನಂಗ.

ವಿಜಾಪುರ ಮಾಸ್ತರ
ಗುಳೇದಗುಡ್ಡದ ಅಣ್ಣಾರ, ನಿಮ್ಮ ಸಿಟ್ಟು ಖರೇ ಅದ. ಖರೇ ಖರೇ ಯಾರೂ ಇಲ್ಲದ ಕೂಸಿಗೆ ಜಾಗ ಬೇಕೇ ಬೇಕು. ಆದರ ಆ ಮಿಶನ್‌ನವರು ಬಂದು ಏನು ಮಾಡಿದರು ನೋಡ್ರಿ. ಕಿಟ್ಟೆಲ್ ಸಾಹೇಬರು 1853ಕ್ಕ ಬಂದವರು ಕನ್ನಡ ಕಲಿತು ಜನ್ಮ ಸವಿಸಿ 1894ಕ್ಕ ನಿಘಂಟು ಕೊಟ್ಟರು. ನಿಮ್ಮ ಹಿರಿಯರನ್ನ ಎತ್ತಿಕೊಂಡವರೂ ಅಲ್ಲೇ ಉಳಿದವರು, ಕೆಲವರ ಸಮಾಧಿನೂ ಈ ಕಡೆನೇ ಅವ. ಹತ್ತು ದಿನಕ್ಕ ಬಂದು ಗ್ವಾಡಿಗೆ ಬಣ್ಣ ಹಚ್ಚಿ ಫೋಟೋ ಹೊಡಕೊಂಡು ಹೋದವರಲ್ಲ. ಬೇಕಂದ್ರ ಕೇಡಗಾವ್ ನೋಡ್ರಿ, ಪುಣಾ ಹತ್ರ, ಪಂಡಿತಾ ರಮಾಬಾಯಿಯವರ ಮುಕ್ತಿ ಮಿಶನ್. ಬರದಾಗ ಮಕ್ಕಳನ್ನ ತಗೊಂಡರು, ವಿಧವೆಯರಿಗೂ ಅಲ್ಲೇ ಜಾಗ ಕೊಟ್ಟರು.

ನಾ ಹಾಸ್ಟೆಲ್ ವಾರ್ಡನ್ ಇದ್ದಾಂವ. ನಮ್ಮ ಕಡೆ ಮಠದ ಪ್ರಸಾದ ನಿಲಯ, ಸರಕಾರಿ ಹಾಸ್ಟೆಲ್, ಮಿಶನ್ ಬೋರ್ಡಿಂಗ್ ಏನು ಕಮ್ಮಿ ಅವ ಏನ್ರಿ? ಬಡವರ ಮಕ್ಕಳು ಅಲ್ಲೇ ಉಂಡು ಓದಿ ಮುಂದ ಬಂದಾರ. ಆದರ ದಸರಾ ಸೂಟಿ ಬಿಟ್ಟ ದಿವಸ ಗೇಟಿನ ಮುಂದ ಅಪ್ಪಗೋಳು ಟ್ರಂಕು ಹೊರಲಿಕ್ಕ ನಿಂತಿರತಿದ್ದರು, ಸಂಜಿ ಆಗೂದರೊಳಗ ಹಾಸ್ಟೆಲ್ ಭಣ ಭಣ. ಯಾರೂ ಬರದ ಒಬ್ಬಿಬ್ಬರು ಉಳದರ ನಾನೇ ಬಸ್ಸಿಗೆ ಹತ್ತಿಸಿ ಬರತಿದ್ದೆ. ಅದಕ್ಕ ಟಿಳಕವಾಡಿ ತಂಗಿ ಹೇಳಿದ್ದು ಓದಿ ಮನಸಿಗೆ ಹತ್ತಿತು. ಕ್ಯಾಂಪ್ ಅಣ್ಣಾರ, ನೀವು ಆ ಆಶ್ರಮಕ್ಕ ಬ್ಯಾರೆ ಏನೂ ಕೇಳಬ್ಯಾಡ್ರಿ, ಒಂದ ಕೇಳ್ರಿ, ದಶೈಂಕ್ಕ ನಿಮ್ಮ ಮಕ್ಕಳು ಎಲ್ಲಿರತಾರ? ಮನಿಗೆ ಹೋಗತಾರ ಅಂದ್ರ ನಿಮ್ಮ ಟೀಮ್ ಹೋಗಿ ಮಾಡೂದು ಏನೂ ಇಲ್ಲ. ಇಲ್ಲೇ ಇರತಾರ ಅಂದ್ರ ಯಾಕ ಅಂತ ಕೇಳ್ರಿ.

ಟಿಳಕವಾಡಿ ಅಕ್ಕ
ಮಾಸ್ತರ ಮಾತಿಗೆ ನಂದೊಂದು ಸೇರ್ಸ್ರಿ. ಅಲ್ಲಿಗೆ ಹೋಗಿ ವಿಬಿಎಸ್ ಮಾಡ್ತೀವಿ ಅನ್ನೂದು ಕಾಯ್ದೆ ಪ್ರಕಾರನೂ ಬೆಂಕಿ ಜೋಡಿ ಆಟ. ನೇಪಾಳದ ಹೊಸಾ ದಂಡ ಸಂಹಿತೆ 2018ರ ಆಗಸ್ಟ್‌ದಿಂದ ಜಾರಿ ಆಗೈತಿ, ಮತಾಂತರ ಮಾಡೂದು, ಮಾಡಾಕ ಹುರಿದುಂಬಿಸೂದು ಎರಡೂ ಅಪರಾಧ, ಐದು ವರ್ಷದವರೆಗೆ ಜೈಲು, 50 ಸಾವಿರ ನೇಪಾಳಿ ರೂಪಾಯಿವರೆಗೆ ದಂಡ, ಹೊರಗಿನ ದೇಶದವ್ರಾದ್ರ ಶಿಕ್ಷಾ ಮುಗಿದ ಮ್ಯಾಲ ಗಡಿಪಾರು. ಆ ಕಾಯ್ದೆ ಸರಿಯೋ ತಪ್ಪೋ ಬ್ಯಾರೆ ಮಾತು, ನಂಗಂತೂ ಸರಿ ಅನ್ಸೂದಿಲ್ಲ. ಆದ್ರ ಹತ್ತೊಂಬತ್ತು ವರ್ಷದ ಹುಡುಗಿ ಕೈಯಾಗ ಕರಪತ್ರ ಕೊಟ್ಟು ಕಳಸಾವ್ರು ಅದನ್ನ ತಂದಿ ತಾಯಿಗೆ ಮೊದ್ಲ ಹೇಳಬೇಕಲ್ರಿ?

ಶಹಾಪುರ ಹುಡ್ಗ
ಸರಿ, ಮಕ್ಕಳ ಮನಸ್ಸಿನ ಮಾತು ಒಪ್ಪಿದೆ ಅಂತ ತಿಳ್ಕೋರಿ. ಸಿಸ್ಟರ್ ಹೇಳಿದ್ಮ್ಯಾಲ ಆ ಕಾಲು ಹಿಡ್ಕೊಂಡದ್ದು ತಲ್ಯಾಗ ತಿರಗಾಕತ್ತೈತಿ. ಆದ್ರ ಯಾಕೋಬನ ಪತ್ರ ಒಂದನೇ ಅಧ್ಯಾಯ 27ನೇ ವಚನ ಏನು ಮಾಡ್ಬೇಕ್ರಿ? ಅನಾಥರ ಸಂಕಟದಾಗ ಹೋಗಿ ನೋಡ್ರಿ ಅಂತ ಸ್ಪಷ್ಟ ಐತಿ. ಮನ್ಯಾಗ ಕುಂತು ನೋಡ್ರಿ ಅಂತಿಲ್ಲ.

ವಾರ್ಡ್ ಸಿಸ್ಟರ್
ಪೂರ್ತಿ ಓದು ತಮ್ಮಾ, ಅನಾಥರ ಪಕ್ಕದಲ್ಲೇ ವಿಧವೆಯರೂ ಇದ್ದಾರೆ. ನಾವು ಮಗುವನ್ನ ಆಶ್ರಮಕ್ಕೆ ಸೇರಿಸಿ ವಿಧವೆಯನ್ನ ಗುಡ್ಡದ ಮೇಲೆ ಬಿಟ್ಟು ಬರ್ತಿದ್ದೀವಿ. ಆ ತಾಯಿಗೆ ತಿಂಗಳಿಗೆ ಇಷ್ಟು ಅಂತ ಸಿಕ್ಕಿದ್ರೆ ಮಗು ಕಳಿಸ್ತಿದ್ಲಾ?

ದೂರ ಯಾಕೆ, ನಮ್ಮಲ್ಲೇ ಇದೆ. ಮಿಶನ್ ವಾತ್ಸಲ್ಯ ಅಂತ ಕೇಂದ್ರದ ಯೋಜನೆ, ಗಂಡ ಸತ್ತವರ, ಬಿಟ್ಟು ಹೋದವರ ಮಕ್ಕಳು, ಅಜ್ಜಿ ಮಾವನ ಮನೆಯಲ್ಲಿರೋ ತಬ್ಬಲಿಗಳು, ಇಂಥವರಿಗೆ ಮನೆಯಲ್ಲೇ ಇದ್ದು ಓದೋಕೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ. ಆದಾಯ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72 ಸಾವಿರ, ಉಳಿದ ಕಡೆ 96 ಸಾವಿರ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ. ಎಷ್ಟು ತಾಯಂದಿರಿಗೆ ಇದು ಗೊತ್ತಿದೆ? ಗೊತ್ತಿದ್ರೂ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಮರಣ ಪ್ರಮಾಣಪತ್ರ ಅಂತ ಓಡಾಡಿ ಸುಸ್ತಾಗಿ ಕೈಬಿಡ್ತಾರೆ. ಡಿಗ್ರಿ ಓದೋ ಹನ್ನೆರಡು ಜನ ಹತ್ತು ದಿನ ಈ ಫಾರ್ಮು ತುಂಬಿಸಿ ಕೊಟ್ರೂ ಅದು ಸೇವೆನೇ. ಸೆಲ್ಫಿ ಬರಲ್ಲ ಅಷ್ಟೆ.

ಫೋಟೋ ಮಾತು ಬಂತು ಅಂತ ಹೇಳ್ತೀನಿ, ನಮ್ಮ ದೇಶದಲ್ಲಿ 2015ರ ಬಾಲನ್ಯಾಯ ಕಾಯ್ದೆ 74ನೇ ಕಲಂ ಪ್ರಕಾರ ಇಂಥ ಮಕ್ಕಳ ಗುರುತು ಬಯಲು ಮಾಡಿದ್ರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ನಮ್ಮ ಮಕ್ಕಳಿಗೆ ಇಷ್ಟು ಮಾನ ಇದ್ರೆ ನೇಪಾಳದ ಮಕ್ಕಳಿಗೂ ಇರಬೇಕಲ್ಲ, ಚರ್ಚ್ ಗ್ರೂಪಿನಲ್ಲಿ ಅವರ ಮುಖ ಹಾಕಿ ಕಾಣಿಕೆ ಎತ್ತೋದು ಯಾವ ನ್ಯಾಯ.

ಗೋವಾ ಎಕ್ಸ್‌ಪ್ರೆಸ್
ಲೆಕ್ಕಾ ಹಾಕಬ್ಯಾಡ್ರಿ ಅಂದ್ರಿ ಆದ್ರೂ ಹಾಕ್ದೆ. 35 ಸಾವಿರ ಗುಣಿಸು 12, ಅಂದ್ರ 4 ಲಕ್ಷ 20 ಸಾವಿರ. ತಿಂಗಳಿಗೆ 4,000ದಂಗ ಒಂದು ಮಗುಕ ವರ್ಷಕ್ಕ 48 ಸಾವಿರ. ಎಂಟು ಮಕ್ಕಳು ಒಂದು ವರ್ಷ ತಾಯಿ ಮಡಿಲಾಗ ಇರ್ತಾವ, ಮ್ಯಾಲ 36 ಸಾವಿರ ಉಳೀತೈತಿ.

ಗುಳೇದಗುಡ್ಡದಾಂವ
ಕಾಗದದ ಮ್ಯಾಲ ಚೊಲೋ ಕಾಣ್ತೈತ್ರಿ ಅದು. ಆದ್ರ ಟ್ರಿಪ್ ಇಲ್ಲಂದ್ರ ಆ 4 ಲಕ್ಷ ಕೂಡೂದಿಲ್ಲ, ಇದು ನಿಮಗೂ ಗೊತ್ತು. ಸುಗ್ಗಿ ಹಬ್ಬದ ಹರಾಜಿನಾಗ ಒಂದು ಕುಂಬಳಕಾಯಿಗೆ ಐದು ಸಾವಿರ ಕೂಗ್ತಾರಂದ್ರ ನಮ್ಮ ಹುಡುಗ್ರು ಹೊಂಟಾರ ಅಂತ ಕೂಗ್ತಾರ. ಗೊತ್ತಿಲ್ಲದ ಹೆಣ್ಮಗಳ ಪಾಸ್‌ಬುಕ್ಕಿಗೆ ಹಾಕ್ತೀವಿ ಅಂದ್ರ ಅದ ಕುಂಬಳಕಾಯಿ ಐವತ್ತು ರೂಪಾಯಿಗೆ ಹೊಕ್ಕೈತಿ. ಮನಷ್ಯಾರು ಹಂಗ ಇರೂದು.

ಕುಂದಾ ಕರದಂಟು
ಅಣ್ಣಾ ಈ ಇಡೀ ಥ್ರೆಡ್‌ನಾಗ ಇದ ಒಂದು ಮಾತಿಗೆ ಯಾರ ಕಡೇನೂ ಉತ್ತರ ಇಲ್ಲ ನೋಡು.

ಕ್ಯಾಂಪ್ ಏರಿಯಾ ಅಪ್ಪ
ಎಲ್ಲಾ ಓದೀನ್ರಿ, ಮಗಳಿಗೂ ಓದಿಸಿದೆ. ಮೊದ್ಲ ಸಿಟ್ಟಾದ್ಳು, "ನಿಮಗ ಕಳಸೂ ಮನಸಿಲ್ಲ ಅದಕ್ಕ ಇದನ್ನೆಲ್ಲಾ ತೋರ್ಸಾಕತ್ತೀರಿ" ಅಂದ್ಳು. ಮಾಸ್ತರ ಪ್ರಶ್ನಿ ಓದಿದ ಮ್ಯಾಲ ಸುಮ್ನಾಗಿ ತಾನ ಫೆಲೋಶಿಪ್ ಲೀಡರ್‌ಗೆ ಫೋನ್ ಹಚ್ಚಿದ್ಳು. ಆಮ್ಯಾಲ ಪಾಸ್ಟರ್ ಮನ್ಯಾಗ ಕೂಡಿದ್ವಿ. ಪಾಸ್ಟರ್ ಚೊಲೋ ಮನುಷ್ಯಾ, ಬೈತಾರ ಅಂದ್ಕೊಂಡಿದ್ದೆ, ಬೈಲಿಲ್ಲ, "ಕೇಳೂಣು, ಕೇಳೂದ್ರಾಗ ಏನು ಪಾಪ ಐತಿ" ಅಂದ್ರು. ಅಲ್ಲೇ ಕುಂತು ಆಶ್ರಮಕ್ಕ ಮೇಲ್ ಬರದ್ರು: ದಶೈಂಕ್ಕ ಮಕ್ಕಳು ಎಲ್ಲಿರ್ತಾರ, ಎಷ್ಟು ಮಕ್ಕಳಿಗೆ ತಂದಿ ತಾಯಿ ಅದಾರ, ಹ್ವಾದ ವರ್ಷ ಎಷ್ಟು ಮಕ್ಕಳನ್ನ ವಾಪಸ್ ಮನಿಗೆ ಮುಟ್ಟಿಸೀರಿ, ಸರಕಾರದ ನೋಂದಣಿ ಪ್ರತಿ ಕಳಸ್ತೀರಾ.

ನಿನ್ನೆ ಉತ್ತರ ಬಂತು. ನೋಂದಣಿ ಪ್ರತಿ ಇತ್ತು, ಅದು ಸರಿ ಐತೋ ಇಲ್ಲೋ ನಮಗ ತಿಳೀಲಿಲ್ಲ, ನೇಪಾಳಿಯೊಳಗ ಐತಿ. ಉಳದ ಮೂರು ಪ್ರಶ್ನಿಗೆ ಉತ್ತರ ಇಲ್ಲ. ಬದಲಿಗೆ ಮಕ್ಕಳು ನಮ್ಮ ಸಭೆಯ ಹೆಸ್ರು ಬರದ ಬೋರ್ಡ್ ಹಿಡದ ನಿಂತ ಫೋಟೋ, ಮತ್ತ ಬರೂಮುಂದ ಏನೇನು ತರಬೇಕು ಅಂತ ಒಂದು ಲಿಸ್ಟ್. ಲಿಸ್ಟ್‌ನಾಗ ಮೊದಲನೇದು ಲ್ಯಾಪ್‌ಟಾಪ್.

ಟಿಳಕವಾಡಿ ಅಕ್ಕ
ಬೋರ್ಡ್ ಬದಲ್ಸೂದಷ್ಟ ಅವ್ರ ಕೆಲಸ ಅಣ್ಣಾರ. ನಾವು ಹೋದಾಗ ನಮ್ಮ ಟೀಮಿನ ಸಭೆ ಹೆಸ್ರಿನ ಬೋರ್ಡೂ ಹಿಡ್ಸಿದ್ರು.

ವಿಜಾಪುರ ಮಾಸ್ತರ
ಉತ್ತರ ಕೊಡಲಿಲ್ಲ ಅಂತ ಕೂಡಲೇ ಕಳ್ಳರು ಅನ್ನಬ್ಯಾಡ್ರಿ, ಇನ್ನೊಮ್ಮೆ ಕೇಳ್ರಿ, ಫೋನಿನ್ಯಾಗ ಕೇಳ್ರಿ. ಅಲ್ಲೀತನಕ ದುಡ್ಡು ಕಳಿಸಬ್ಯಾಡ್ರಿ, ಟಿಕೀಟು ತಗಿಸಬ್ಯಾಡ್ರಿ.

ಶಹಾಪುರ ಹುಡ್ಗ
ನಾ ಇನ್ನೂ ಪೂರ್ತಿ ಒಪ್ಪಿಲ್ಲ. ಆದ್ರ ಸಿಸ್ಟರ್ ಅವ್ರ, ಆ ನಾಲ್ಕ ಸಾವಿರದ ಫಾರ್ಮು ಎಲ್ಲಿ ಸಿಗ್ತೈತ್ರಿ? ನಮ್ಮ ಓಣ್ಯಾಗ ಒಬ್ರು ಅದಾರ, ಕೈಮಗ್ಗದವ್ರು, ಗಂಡ ಹೋಗಿ ವರ್ಷ ಆತು, ಮೂರು ಮಕ್ಕಳು, ದೊಡ್ಡಾಂವನ್ನ ಎಲ್ಲೋ ಆಶ್ರಮಕ್ಕ ಹಾಕ್ತೀನಿ ಅನ್ನಾಕತ್ತಿದ್ರು.

ವಾರ್ಡ್ ಸಿಸ್ಟರ್
ಬೆಳಗಾವಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳು, ಇಲ್ಲಾ ಅಂಗನವಾಡಿ ಅಕ್ಕನಿಗೆ ಹೇಳಿದ್ರೂ ದಾರಿ ತೋರಿಸ್ತಾರೆ. ಮಗುವಿನ ಆಧಾರ್, ಶಾಲೆಯ ಪ್ರಮಾಣಪತ್ರ, ತಂದೆಯ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಎಲ್ಲಾದರ ಝೆರಾಕ್ಸ್ ಎರಡೆರಡು ಇಟ್ಕೊ. ಆದಾಯ ಪ್ರಮಾಣಪತ್ರ ಇಲ್ಲದಿದ್ರೆ ಮೊದಲು ನಾಡಕಚೇರಿ. ಅವರನ್ನೇ ಕಳಿಸಬೇಡ, ಜೊತೆಗೆ ಹೋಗು. ಒಬ್ಬರೇ ಹೋದ್ರೆ ನಾಳೆ ಬಾ ಅಂತಾರೆ.

ಗುಳೇದಗುಡ್ಡದಾಂವ
ಶಹಾಪುರದ ತಮ್ಮಾ, ನಾಡಕಚೇರಿಯಾಗ ಆಟ ಆಡ್ಸಿದ್ರ ಇಲ್ಲಿ ಬರಿ. ಮತ್ತ ಕ್ಯಾಂಪ್ ಅಣ್ಣಾರ, ನಿಮ್ಮ ಹುಡುಗ್ರು ನೇಪಾಳಕ್ಕ ಹೋಗ್ಲಿ ಬಿಡ್ಲಿ, ಹರಾಜು ಮಾತ್ರ ನಿಂದ್ರಸಬ್ಯಾಡ್ರಿ. ನಾ ನಮ್ಮ ಮಗ್ಗದಿಂದ ನಾಕು ಖಣ ಕಳಸ್ತೀನಿ, ಅದರ ಮ್ಯಾಲ ಎಷ್ಟು ಕೂಗ್ತಾರ ನೋಡೂಣು.